ಹೊರಗಿನಿಂದ ಕೀಲಿ ಹಾಕಿದ ಕೌದಿ ಮನೆ

…ಆದರೆ ಆ ಬಿಳಿ ಬೆಕ್ಕಿನ ಗದ್ದ ಒದ್ದೆಯಾಗಿತ್ತು ಎಂದು ನಾನು ಹೇಳುತ್ತಿರುವುದು ಎಷ್ಟರ ಮಟ್ಟಿಗೆ ನಿಜ? ಆ ಮನೆಯೊಳಗೆ ಬೆಳಕು ಬರುತ್ತಿದ್ದದ್ದು ಹೆಂಚುಗಳ ನಡುವೆ ಕೂರಿಸಿದ್ದ ಒಂದು ಗಾಜಿನಿಂದ ಮಾತ್ರ ಎಂದು ನನ್ನ ನೆನಪು. ನನ್ನ ಜೊತೆಗಿದ್ದ ನರ್ಸ್ ಈ ಬರಹದ ಮೊದಲ ಪುಟ ಓದಿ, "ಬಲ್ಬ್ ಇತ್ತಲ್ರೀ ಸರ, ಹಗಲೆಲ್ಲಾ ಹತ್ತೇ ಇತ್ತು," ಅಂದಳು. ನನಗೆ ಬಲ್ಬಿನ ನೆನಪೇ ಇಲ್ಲ. ಕತ್ತಲೆಯನ್ನು ನಾನು ಆಮೇಲೆ ತಂದು ಆ ಮನೆಗೆ ತುಂಬಿದ್ದರೂ ತುಂಬಿರಬಹುದು. ಹಾಗಾದರೆ ಒದ್ದೆ ಗದ್ದವನ್ನೂ ನಾನೇ ತಂದೆನೆ? ಹೊರಗಿನಿಂದ ಕೀಲಿ ಬಿದ್ದ ಸದ್ದೊಂದು ಮಾತ್ರ ಇಬ್ಬರ ನೆನಪಿನಲ್ಲೂ ಒಂದೇ ರೀತಿ ಇದೆ. ಅವಳು ಅದನ್ನು ಓಣಿಯಲ್ಲಿ ನಿಂತು ಕೇಳಿದಳು, ನಾನು ಒಳಗೆ ನಿಂತು.

ನಡೆದ ಕ್ರಮದಲ್ಲಿ ಹೇಳಲು ಯತ್ನಿಸುತ್ತೇನೆ. ಈ ಕ್ರಮದ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ, ಆದರೂ.

ನಾವು ನಾಲ್ಕೈದು ಜನ ಬಿಡುವಿನ ವೇಳೆಯಲ್ಲಿ ಗಾಯಗೊಂಡ, ದಿಕ್ಕಿಲ್ಲದ ಬೆಕ್ಕುಗಳನ್ನು ಹಿಡಿದು ಆರೈಕೆ ಮಾಡುತ್ತೇವೆ. ಸಂಘ ಎನ್ನುವಷ್ಟು ದೊಡ್ಡದೇನಲ್ಲ. ಲಕಮನಹಳ್ಳಿಯಲ್ಲಿ ಪರಿಚಯದವರೊಬ್ಬರು ಮುಚ್ಚಿದ ವರ್ಕ್‌ಶಾಪಿನ ಶೆಡ್ಡು ಬಿಟ್ಟುಕೊಟ್ಟಿದ್ದಾರೆ, ನಮ್ಮ ಪಂಜರಗಳು ಅಲ್ಲಿವೆ. ಆ ಬೇಸಿಗೆಯಲ್ಲಿ ಹಳೇ ಹುಬ್ಬಳ್ಳಿಯಿಂದ ಫೋನು ಬಂದಾಗ ಊರಿನಲ್ಲಿದ್ದವರು ನಾನು ಮತ್ತು ನರ್ಸ್ ಇಬ್ಬರೇ. ಫೋನು ಮಾಡಿದವರು ಟ್ರಂಕ್ ರಿಪೇರಿ ಮಾಡುವ ಚಾಚಾ.

"ಸರ್, ನಮ್ಮ ಬಾಜೂ ಮನ್ಯಾಗ ಬೆಕ್ಕ ಭಾಳ ಆಗ್ಯಾವ. ಮನಿ ಮಾಲಕ ಬಂದು, ಬೆಕ್ಕು, ಅರಬಿ, ಅಕಿ, ಎಲ್ಲಾ ಹೊರಗ ಒಗೀತೇನಿ ಅಂತ ಹೇಳಿ ಹೋಗ್ಯಾನ. ಲಗೂ ಬರ್ರಿ. ವಾಸನಿಗೆ ನನ್ನ ಗಿರಾಕಿ ಮೂಗ ಮುಚ್ಚಕೊಂಡ ಚೌಕಾಶಿ ಮಾಡಾಕತ್ತಾರ."

'ಅರಬಿ' ಎಂದರೆ ಬಟ್ಟೆ, 'ಅಕಿ' ಎಂದರೆ ಕೌದಿ ಅಕ್ಕ. ಐವತ್ತು ದಾಟಿದ, ಸಣಕಲು ಮೈಯ, ಒಬ್ಬಳೇ ಇರುವ ಹೆಂಗಸು. ಓಣಿಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ. ಜನ ತಮ್ಮ ಮನೆಯ ಹಳೆಯ ಸೀರೆ, ಧೋತರಗಳನ್ನು ಗಂಟು ಕಟ್ಟಿ ತಂದುಕೊಡುತ್ತಾರೆ, ಅವಳು ಅವನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬಂದು ಕೌದಿ ಎಂಬ ದಪ್ಪ ಹೊದಿಕೆ ಮಾಡಿಕೊಡುತ್ತಾಳೆ. ಆ ಮನೆಯ ಎರಡೂ ಕೋಣೆಗಳಲ್ಲಿ ನೆಲದಿಂದ ತೊಲೆಯವರೆಗೆ ಗಂಟುಗಳು. ಗಂಟುಗಳ ಮೇಲೆ, ನಡುವೆ, ಒಳಗೆ ಬೆಕ್ಕುಗಳು.

ಎಷ್ಟಿದ್ದವು? ನಲವತ್ತು ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ನರ್ಸ್ ಪ್ರಕಾರ ಮೂವತ್ತೂ ಇರಲಿಲ್ಲ.

ಬೆಕ್ಕು ಬಂದದ್ದು ಕೌದಿಯ ದೆಸೆಯಿಂದಲೇ. ಕೊನೆಯ ಮೂಲೆ ಮುಚ್ಚುವ ಮುನ್ನ ಅವಳು ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾಳೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಆ ರೊಟ್ಟಿಯ ವಾಸನೆಗೆ ಇಲಿ ಬಂದು ಮೂಲೆಗಳನ್ನು ಕಡಿದವು. ಇಲಿಗೆಂದು ಅವಳು ಒಂದು ಹೆಣ್ಣು ಬೆಕ್ಕು ತಂದಳು.

"ರೊಟ್ಟಿ ಇಡೂದ ಬಿಟ್ಟಿದ್ರ ಆಗ್ತಿತ್ತಲ್ರೀ, ಅಕ್ಕಾ," ಅಂದೆ.

"ಹಸದ ಕೌದಿ ಯಾರಿಗೆ ಬೇಕು, ತಮ್ಮಾ?" ಅಂದಳು. ನಾನು ಏನೋ ಹೊಲಸು ಮಾತಾಡಿದವನ ಹಾಗೆ ನೋಡಿದಳು.

ಮೊದಲ ದಿನದ ಕೆಲಸ ನಮಗೆ ಗೊತ್ತಿದ್ದ ಕೆಲಸ. ಹಿತ್ತಲ ಬಾಗಿಲಿನ ಸಂದುಗಳನ್ನೂ ಗೋಡೆಯ ಬೆಳಕಿಂಡಿಯನ್ನೂ ತಗಡಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಅರ್ಧ ಬೆಕ್ಕುಗಳು ಹೆಂಚಿನ ಮೇಲೆ ಹೋಗುತ್ತವೆ. ತಗಡನ್ನು ಚಾಚಾ ಕತ್ತರಿಸಿಕೊಟ್ಟರು. ಮುಚ್ಚಿದ ಮೇಲೆ ವಾಸನೆ ಕಣ್ಣಿಗೇ ಹೊಡೆಯಿತು. ಉಚ್ಚೆಯ ಘಾಟಿಗೆ ಕಣ್ಣೀರು ಸುರಿಯುತ್ತದೆ, ಗಂಟಲು ಕಟ್ಟುತ್ತದೆ. ಪಂಜರದೊಳಗೆ ಒಣಮೀನು ಇಟ್ಟು, ಒಳಗಿನ ಹಲಗೆಯ ಮೇಲೆ ಬೆಕ್ಕು ಕಾಲಿಟ್ಟರೆ ಬಾಗಿಲು ಬೀಳುವಂತೆ ಸಜ್ಜು ಮಾಡುತ್ತೇವೆ. ಬಾಗಿಲು ಬಿದ್ದ ಕೂಡಲೇ ಪಂಜರದ ಮೇಲೆ ದಪ್ಪ ಬಟ್ಟೆ ಹೊದಿಸಬೇಕು, ಕತ್ತಲಾದರೆ ಬೆಕ್ಕು ತಣ್ಣಗಾಗುತ್ತದೆ. ಎತ್ತುವಾಗ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಹಿಂಬದಿಗೆ. ಬೆರಳು ಜಾಲರಿಯೊಳಗೆ ಹೋಗಕೂಡದು.

ತೊಂದರೆ ಬಂದದ್ದು ಗಂಟುಗಳಿಂದ. ಅವನ್ನು ಬಿಚ್ಚಲು ಅಕ್ಕ ಬಿಡಲಿಲ್ಲ. ಒಂದೊಂದು ಗಂಟೂ ಒಬ್ಬೊಬ್ಬರದು.

"ಇದರಾಗ ತೀರಕೊಂಡ ತಾಯಿ ಸೀರಿ ಅದಾವ. ಮಗಳು ಕೊಟ್ಟ ಹೋಗ್ಯಾಳ. ಅದರ ಮ್ಯಾಲ ಕಾಲ ಇಡಬ್ಯಾಡ," ಅನ್ನುತ್ತಿದ್ದಳು. ಹಾಗೆ ಹೇಳುವಾಗಲೇ ಆ ಸೀರೆಗಳ ಮೇಲೆ ಮೂರು ಬೆಕ್ಕು ಉಚ್ಚೆ ಹೊಯ್ದಿದ್ದವು. ಬಹಳಷ್ಟು ಬೆಕ್ಕುಗಳ ಕಣ್ಣಿನಲ್ಲಿ ಕೀವು ಗಟ್ಟಿಯಾಗಿ ರೆಪ್ಪೆ ಅಂಟಿತ್ತು. ಕೆಲವಕ್ಕೆ ಬೆನ್ನಿನ ಮೂಳೆ ಎಣಿಸಬಹುದಾಗಿತ್ತು. ಆದರೂ ಅಕ್ಕ ತಾನು ಉಣ್ಣುವ ಮೊದಲು ಅವಕ್ಕೆ ಹಾಲನ್ನ ಕಲಸಿ ಇಡುತ್ತಿದ್ದಳು, ಅದೂ ಸುಳ್ಳಲ್ಲ.

ಆ ದಿನ ಸಂಜೆ ಹಿಡಿದ ಅಷ್ಟನ್ನೂ ಟೆಂಪೋದಲ್ಲಿ ಶೆಡ್ಡಿಗೆ ಸಾಗಿಸಿದೆವು. ಅಕ್ಕ ಹೊಸ್ತಿಲಲ್ಲಿ ನಿಂತು ಒಂದೊಂದು ಪಂಜರದ ಬಟ್ಟೆ ಎತ್ತಿ ನೋಡಿ ಕಳಿಸಿದಳು.

ಎರಡನೆಯ ದಿನ ಮುಂಜಾನೆ ಹೋದಾಗ ಅವಳು ನಮಗೆ ಚಹಾ ಕೊಟ್ಟಳು. ಚಹಾದ ಬಸಿ ಮುಂದೆ ಚಾಚಿದಾಗ ಬಳೆ ಹಿಂದೆ ಸರಿದು ಮಣಿಕಟ್ಟು ಕಾಣಿಸಿತು. ನರ್ಸ್ ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಇದೇನ್ರಿ ಅಕ್ಕಾ?"

ಎರಡು ಸಣ್ಣ ತೂತು. ಸುತ್ತ ಊತ ಇಳಿದು ಹಳದಿಯಾಗಿತ್ತು.

"ಬೆಕ್ಕ ಕಡದೈತಿ. ಅದಕ್ಕೇನ? ಅರಿಶಿಣ ಹಚ್ಚೇನಿ."

"ಯಾವ ಬೆಕ್ಕು?"

"ಬೂದಿದು. ಅದು ಸತ್ತೂ ಹೋತು, ಪಾಪ. ಬಾಯಾಗ ನೊರಿ ಬಂದಿತ್ತು. ಎರಡ ದಿನ ಗ್ವಾಡಿಗೆ ಹಾಯಾಕತ್ತಿತ್ತು. ಹಿತ್ತಲದಾಗ ಉಪ್ಪ ಹಾಕಿ ಹುಗದೇನಿ."

ನರ್ಸ್ ನನ್ನ ಮುಖ ನೋಡಿದಳು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಹಿಂದಿನ ದಿನವೆಲ್ಲ ಕೈಗವಸು ಹಾಕಿದ್ದೆನೇ? ಹಾಕಿದ್ದೆ. ಬೆವರಿದಾಗ ತೆಗೆದಿದ್ದೆನೇ?

ಪಶುವೈದ್ಯರಿಗೆ ಫೋನು ಮಾಡಿದೆ. ಬೂದು ಬೆಕ್ಕಿಗೆ ಹುಚ್ಚು, ಅಂದರೆ ರೇಬಿಸ್, ಹಿಡಿದಿತ್ತೋ ಇಲ್ಲವೋ ತಿಳಿಯಲು ಸತ್ತ ಬೆಕ್ಕಿನ ಮಿದುಳು ಬೇಕು, ಅದೂ ಕೂಡಲೇ ಮಂಜುಗಡ್ಡೆಯಲ್ಲಿ ಇಟ್ಟು ಕಳಿಸಿದ್ದರೆ. ಈ ಬಿಸಿಲಿನಲ್ಲಿ, ಉಪ್ಪಿನಲ್ಲಿ, ಮಣ್ಣಿನೊಳಗೆ ಇಷ್ಟು ದಿನ ಇದ್ದದ್ದರಿಂದ ಏನೂ ಸಿಗುವುದಿಲ್ಲ ಎಂದರು. ಅಗೆಯಬೇಡಿ ಎಂದೂ ಹೇಳಿದರು. ಚಾಚಾ ಬೇರೆಯೇ ಮಾತು ಹೇಳಿದರು. "ಯಾರೋ ಇಲಿ ಪಾಷಾಣ ಇಟ್ಟಾರಂತ ಓಣ್ಯಾಗ ಸುದ್ದಿ ಐತಿ. ಬೆಕ್ಕ ಕೊಂದ ಪಾಪ ಬ್ಯಾಡ ಅಂತ ಎಲ್ಲಾರೂ ಅಂತಾರ, ಪುಡಿ ಮಾತ್ರ ಎಲ್ಲಿಂದ ಬರತೈತೋ ಗೊತ್ತಿಲ್ಲ." ವಿಷ ತಿಂದರೂ ನೊರೆ ಬರಬಹುದು. ವಿಷವಾಗಿರಲಿ ಎಂದು ನಾನು ಬಯಸಿದೆ. ಯಾರೋ ಒಂದು ಬೆಕ್ಕಿಗೆ ವಿಷ ಹಾಕಿರಲಿ ಎಂದು ಬಯಸುವ ಸ್ಥಿತಿ ಅದು.

ನರ್ಸ್ ಅಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತೊಳೆಯುತ್ತಲೇ ಇದ್ದಳು. ತೊಳೆಯುತ್ತಲೇ ಹೇಳಿದಳು: ಈ ರೋಗ ಒಳಗೆ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ. ಎದ್ದಿತೆಂದರೆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ನೀರು ಕಂಡರೇ ಹೆದರಿಕೆ. ಆಮೇಲೆ ಯಾವ ಔಷಧವೂ ಇಲ್ಲ. ಇವತ್ತೇ ಸರಕಾರಿ ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡರೆ ಉಳಿಯುತ್ತೀರಿ.

"ನಾ ಬರೂದಿಲ್ಲ."

"ಯಾಕ್ರೀ?" ಎಂದು ಚಾಚಾ ಬಾಗಿಲಿನಿಂದಲೇ ಕೇಳಿದರು. "ದಿನಾ ಕೈಯಾಗ ಸೂಜಿ ಹಿಡಕೊಂಡ ಕುಂದರಾಕಿಗೆ ಸೂಜಿ ಅಂಜಿಕಿ ಏನ್?"

"ಸೂಜಿಗೆ ಯಾರ ಅಂಜತಾರ? ನನ್ನ ದವಾಖಾನಿಗೆ ಕಳಿಸಿ ಇವರು ಮನಿ ಖಾಲಿ ಮಾಡ್ತಾರ. ನಿನ್ನೆ ಎಷ್ಟ ಒಯ್ದ್ರು, ಕಂಡಿಲ್ಲೇನ? ನಾ ಬರೂದ್ರಾಗ ಒಂದ ಬೆಕ್ಕೂ ಇರೂದಿಲ್ಲ, ಒಂದ ಗಂಟೂ ಇರೂದಿಲ್ಲ. ಮಾಲಕ ನಿಮ್ಮ ಕೂಡ ಮಾತಾಡ್ಯಾನ, ನನಗ ಗೊತ್ತೈತಿ."

ಮಾಲಕ ನಮ್ಮೊಡನೆ ಮಾತಾಡಿರಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ನಿಜವೂ ಇತ್ತು. ಅವಳು ಎರಡು ಗಂಟೆ ಹೊರಗೆ ಹೋದರೆ ಕೆಲಸ ಸಲೀಸಾಗುತ್ತದೆ ಎಂದು ಮುಂಜಾನೆ ಟೆಂಪೋದಲ್ಲಿ ನಾವು ಮಾತಾಡಿಕೊಂಡೇ ಬಂದಿದ್ದೆವು. ನಾನು ಆಣೆ ಹಾಕಿದೆ. ನರ್ಸ್ ಆಣೆ ಹಾಕಿದಳು. ಚಾಚಾ ತಾವು ಕಾಯುತ್ತೇನೆಂದರು. ಅಕ್ಕ ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ಹೊಲಿಗೆಗೆ ಕೂತುಬಿಟ್ಟಳು. ಆಮೇಲೆ ತಲೆ ಎತ್ತದೆ ನನಗೆ ಹೇಳಿದಳು:

"ನೀ ಒಳಗ ಇರು. ನಾ ಹೊರಗಿಂದ ಕೀಲಿ ಹಾಕತೇನಿ. ಕೀಲಿಕೈ ನನ್ನ ಕಡೆ ಇರತೈತಿ. ಬಂದ ಮ್ಯಾಲ ನನ್ನ ಬೆಕ್ಕು ಎಣಸತೇನಿ."

"ಅಕ್ಕಾ, ನಾನ್ಯಾಕ ಒಳಗ? ಕೀಲಿ ನಿಮ್ಮ ಕಡೇನ ಇರತೈತಲ್ಲ!"

"ಹಿತ್ತಲ ಬಾಗಲಾ ಒಂದ ಒದಿಕಿಗೆ ಬೀಳತೈತಿ. ನೀ ಒಳಗ ಇದ್ರ ನಿಮ್ಮ ಮಂದಿ ಒದಿಯೂದಿಲ್ಲ, ಮಾಲಕಾನೂ ಬರೂದಿಲ್ಲ. ಮತ್ತ ನೀ ಯಾವದಕ್ಕೂ ಕೈ ಹಚ್ಚಂಗಿಲ್ಲ. ನೀ ಒಳಗ ಇರತೀ ಅಂದ್ರ ನಾ ಹೊಂಡತೇನಿ."

ನರ್ಸ್ ಬೇಡ ಎಂದು ತಲೆ ಅಲ್ಲಾಡಿಸಿದಳು. ಹುಚ್ಚು ಹಿಡಿದಿರಬಹುದಾದ ಒಂದು ಬೆಕ್ಕು ಓಡಾಡಿದ ಮನೆಯಲ್ಲಿ ಉಳಿದವುಗಳಲ್ಲಿ ಯಾವುದು ಕಚ್ಚಿಸಿಕೊಂಡಿದೆಯೋ ಯಾರು ಬಲ್ಲರು. ನಾನು ಹೂಂ ಅಂದೆ. ಇದನ್ನು ಧೈರ್ಯ ಎಂದು ಆಮೇಲೆ ಹಲವರು ಕರೆದರು. ನನಗೆ ನೆನಪಿರುವುದು ಅಕ್ಕನ ಮಣಿಕಟ್ಟಿನ ಎರಡು ತೂತು, ಮತ್ತು ಬೇರೆ ಯಾವ ಉಪಾಯವೂ ಹೊಳೆಯದ ನನ್ನ ತಲೆ.

ಕೀಲಿ ಬಿತ್ತು. ಅಕ್ಕ ಮತ್ತು ನರ್ಸ್ ಹತ್ತಿದ ಆಟೋದ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ನಡುವಿನ ಕೋಣೆಯಲ್ಲಿ ಒಂದು ಮರದ ಮಣೆ ಇತ್ತು. ಕೈಗವಸು, ಉದ್ದ ತೋಳಿನ ಅಂಗಿ, ಬೂಟು ಹಾಕಿ, ಖಾಲಿ ಪಂಜರವೊಂದನ್ನು ಮುಂದೆ ಗುರಾಣಿಯಂತೆ ಇಟ್ಟುಕೊಂಡು ಮಣೆಯ ಮೇಲೆ ಕೂತೆ. ಮೊದಲಿಗೆ ಒಂದು ಬೆಕ್ಕೂ ಕಾಣಲಿಲ್ಲ. ಮನುಷ್ಯ ಸುಮ್ಮನೆ ಕೂತರೆ ಅವು ಒಂದೊಂದಾಗಿ ಹೊರಬರುತ್ತವೆ. ಗಂಟಿನ ಸಂದಿನಿಂದ ಕಿವಿ, ತೊಲೆಯ ಮೇಲಿಂದ ಬಾಲ. ಒಂದು ಕೆಮ್ಮಿತು. ಎಲ್ಲೋ ಒಳಗಿಂದ ಒಡೆದ ದನಿಯ ಕೂಗು ಬಂತು. ಹುಚ್ಚು ಹಿಡಿದ ಬೆಕ್ಕಿನ ದನಿ ಬದಲಾಗುತ್ತದೆ ಎಂದು ಓದಿದ್ದೆ. ಬೆದೆಗೆ ಬಂದ ಬೆಕ್ಕೂ ಹಾಗೇ ಕೂಗುತ್ತದೆ, ಗಂಟಲು ಕೆಟ್ಟದ್ದೂ ಕೂಗುತ್ತದೆ. ಗೊತ್ತಿದ್ದದ್ದು ಯಾವುದೂ ಆಗ ಉಪಯೋಗಕ್ಕೆ ಬರಲಿಲ್ಲ.

ಬಿಳಿ ಬೆಕ್ಕು ಎದುರಿನ ಗಂಟುಗಳ ತುದಿಯಲ್ಲಿ ಕೂತಿತ್ತು. ನನ್ನನ್ನೇ ನೋಡುತ್ತಿತ್ತು. ಅದರ ಗದ್ದ, ಎದೆಯ ರೋಮ ಒದ್ದೆ. ಅಥವಾ ಹಾಗೆ ಕಂಡಿತು. ವೈದ್ಯರಿಗೆ ಪಿಸುದನಿಯಲ್ಲಿ ಫೋನು ಮಾಡಿದೆ. ಪಿಸುದನಿ ಯಾಕೆಂದರೆ, ಬೆಕ್ಕಿಗೆ ಕೇಳಿಸಬಾರದು ಎಂದು ಅನ್ನಿಸಿತ್ತು.

"ಜೊಲ್ಲು ಬಾಯಿ ಹುಣ್ಣಾದ್ರೂ ಬರತದ್ರಿ," ಎಂದರು ಅವರು. "ನಡಿಗಿ ಹೆಂಗೈತಿ? ಹಿಂಗಾಲು ಎಳೀತದೇನು?"

"ಕೂತೈತ್ರಿ."

"ಹಂಗಾದ್ರ ಏಳೂತನಕ ಕಾಯ್ರಿ. ಪಂಜರ ಐತಲ್ಲ, ಸಾಧ್ಯ ಆದ್ರ ಹಿಡದ ಬ್ಯಾರೆ ಇಡ್ರಿ. ಹತ್ತ ದಿನ ಬದುಕಿದ್ರ ಚಿಂತಿಲ್ಲ."

ಪಂಜರ ಕಾಲ ಹತ್ತಿರವೇ ಇತ್ತು. ಒಣಮೀನು ಚೀಲದಲ್ಲಿತ್ತು. ಹಿಡಿಯುವುದೇ ಸರಿಯಾದ ಕ್ರಮ. ಆದರೆ ಅಕ್ಕ ಬಾಗಿಲು ತೆರೆದಾಗ ಬೆಕ್ಕು ಪಂಜರದಲ್ಲಿದ್ದರೆ ಅವಳು ಎರಡನೆಯ ಇಂಜೆಕ್ಷನ್ನಿಗೆ ಬರುವುದಿಲ್ಲ. ಅದು ಹೇಗೋ ಖಚಿತವಾಗಿ ಗೊತ್ತಿತ್ತು. ಒಂದು ಕೈಯಲ್ಲಿ ಮೀನಿನ ಚೀಲ ಹಿಡಿದು, ಬಿಚ್ಚದೆ, ಹಾಗೇ ಕೂತಿದ್ದೆ. ಮತ್ತೆ ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

ಬಿಳಿ ಬೆಕ್ಕು ಇಳಿಯಿತು. ಹಿಂಗಾಲು ಎಳೆಯಿತೇ? ಇಳಿದದ್ದು ಕಂಡೆ, ನೆಲ ಮುಟ್ಟಿದ್ದು ಕಾಣಲಿಲ್ಲ. ಆಮೇಲೆ ಅದು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಕಾಣುವ ಬೆಕ್ಕಿಗಿಂತ ಕಾಣದ್ದು ಭಾರ. ಉಸಿರು ಬಿಗಿಹಿಡಿದು ಆಲಿಸಿದೆ. ನನ್ನ ಪಕ್ಕದ ಗಂಟಿನೊಳಗಿಂದ ಚಿಂವ್ ಚಿಂವ್ ಎಂಬ ಎಳೆಯ ಸದ್ದು. ಗಂಟಿನ ಬಾಯಿ ಸಡಿಲವಾಗಿತ್ತು. ಒಂದು ಹಸಿರು ಇಳಕಲ್ ಸೀರೆಯ ಮಡಿಕೆಯಲ್ಲಿ ಕಣ್ಣು ತೆರೆಯದ ಮರಿಗಳು. ಬಿಳಿ ಬೆಕ್ಕು ಅವುಗಳ ಮೇಲೆ ನಿಂತು ನನ್ನ ಮುಖಕ್ಕೆ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ನಾನು ಹಿಂದಕ್ಕೆ ಸರಿದೆ, ಮಣೆ ಉರುಳಿತು, ಕೈ ಊರಿದ್ದು ಅಕ್ಕನ ಅರ್ಧ ಹೊಲಿದ ಕೌದಿಯ ಮೇಲೆ. ಎದ್ದು ನೋಡಿಕೊಂಡಾಗ ಕೈಗವಸಿನ ಅಂಚಿಗೂ ಅಂಗಿಯ ತೋಳಿಗೂ ನಡುವೆ, ಮುಂಗೈಯಲ್ಲಿ, ಒಂದು ಕೆಂಪು ಗೆರೆ.

ಕೌದಿಯಲ್ಲಿ ಸೂಜಿ ಚುಚ್ಚಿಟ್ಟಿತ್ತು. ಬೆಕ್ಕು ಹತ್ತಿರದಲ್ಲೇ ಇತ್ತು. ಗೆರೆ ಯಾವುದರದು? ಮೋರಿಯ ಪಕ್ಕದ ಕೊಡದಿಂದ ನೀರು ಸುರಿದು, ಅಕ್ಕನ ಬಟ್ಟೆ ಸಾಬೂನಿನಿಂದ ಮುಂಗೈ ಉಜ್ಜುತ್ತಾ ನಿಂತೆ. ಅತ್ತೆನೇ? ತಾನೂ ಅಕ್ಕನೂ ವಾಪಸು ಬಂದಾಗ ನನ್ನ ಕಣ್ಣು ಕೆಂಪಾಗಿದ್ದವು ಎಂದು ನರ್ಸ್ ಹೇಳುತ್ತಾಳೆ. ಉಚ್ಚೆಯ ಘಾಟಿಗೂ ಕಣ್ಣು ಕೆಂಪಾಗುತ್ತದೆ.

ಬಾಗಿಲು ತೆರೆಯಿತು. ಅಕ್ಕ ಮೊದಲು ನನ್ನನ್ನು ನೋಡಲಿಲ್ಲ, ಬಾಯಿಂದ ಚ್ ಚ್ ಎಂದು ಸದ್ದು ಮಾಡಿದಳು. ನಾನು ಅಷ್ಟು ಹೊತ್ತು ಕಂಡಿರದ ಬೆಕ್ಕುಗಳೂ ಅವಳ ಕಾಲ ಸುತ್ತ ಬಂದು ನಿಂತವು. ಬೆರಳು ಮಡಿಸುತ್ತಾ ಎಣಿಸಿದಳು. ಎಣಿಕೆ ಮುಗಿದ ಮೇಲೆ, "ಚಾ ಕುಡೀತೀಯೇನ ತಮ್ಮಾ?" ಅಂದಳು.

ಮೊದಲ ಇಂಜೆಕ್ಷನ್ ಆಗಿತ್ತು, ಗಾಯದ ಸುತ್ತ ಕೊಡುವ ಔಷಧವೂ ಆಗಿತ್ತು. ಆದರೆ ನರ್ಸ್ ನನ್ನನ್ನು ಹೊರಗೆ ಕರೆದು ಇನ್ನೊಂದು ಮಾತು ಹೇಳಿದಳು. ದವಾಖಾನೆಯ ಡಾಕ್ಟರು, ಕಚ್ಚಿದ ಬೆಕ್ಕು ಬದುಕಿದೆಯೇ ಎಂದು ಕೇಳಿದರಂತೆ. ಬದುಕಿ ಹತ್ತು ದಿನ ಚೆನ್ನಾಗಿದ್ದರೆ ಮುಂದಿನ ಇಂಜೆಕ್ಷನ್ ನಿಲ್ಲಿಸಬಹುದು, ಸತ್ತಿದ್ದರೆ ಎಲ್ಲವೂ ಬೇಕೇ ಬೇಕು ಎಂದರಂತೆ. ಆಗ ಅಕ್ಕ ಹೇಳಿದ್ದು: "ಬದುಕೈತ್ರಿ. ಬಿಳಿದು."

ನಮಗೆ ಹೇಳಿದ್ದು ಬೂದು ಬೆಕ್ಕು. ಬದುಕಿರುವ ಬೆಕ್ಕಿನ ಹೆಸರು ಹೇಳಿದರೆ ನಾವು ಅದನ್ನು ಒಯ್ಯುತ್ತೇವೆ ಎಂದು ನಮ್ಮ ಮುಂದೆ ಸತ್ತದ್ದರ ಹೆಸರು ಹೇಳಿದಳೋ, ಸೂಜಿ ಕಡಿಮೆಯಾಗಲಿ ಎಂದು ಡಾಕ್ಟರ ಮುಂದೆ ಬದುಕಿದ್ದರ ಹೆಸರು ಹೇಳಿದಳೋ.

"ಖರೇ ಹೇಳ್ರಿ ಅಕ್ಕಾ, ಯಾವದು ಕಡದದ್ದು?" ನರ್ಸ್ ಹೆಚ್ಚುಕಡಿಮೆ ಕೂಗಿದಳು.

"ಎರಡೂ ನನ್ನವ. ಕತ್ತಲದಾಗ ಕಡೀತು. ಬೂದಿದ ಇರಬೇಕು. ಬಿಳಿದೂ ಅಲ್ಲೇ ಇತ್ತು." ಚಹಾ ಸೋಸುತ್ತಾ ಹೇಳಿದಳು. "ಬೆಕ್ಕ ಕಡದ ಮ್ಯಾಲ ಅದರ ಮಾರಿ ನೋಡ್ತಾರೇನು? ಕೈ ನೋಡ್ಕೊಂತಾರ."

ಮೂರು ದಿನ ಬಿಟ್ಟು ಅವಳು ಎರಡನೆಯ ಇಂಜೆಕ್ಷನ್ನಿಗೆ ತಾನಾಗಿಯೇ ಬಂದಳು. ಮುಂಗೈಯ ಗೆರೆಯ ಸಲುವಾಗಿ ನನಗೂ ಅಲ್ಲೇ ಇಂಜೆಕ್ಷನ್ ಕೊಟ್ಟರು. ಆ ದಿನ ವಾಪಸು ಬಂದು, ಗಂಟುಗಳನ್ನು ತಾನೇ ಬಿಚ್ಚಿದಳು. ಒಂದೊಂದು ಬೆಕ್ಕನ್ನೂ ತಾನೇ ಎತ್ತಿ ಪಂಜರಕ್ಕೆ ಬಿಟ್ಟಳು, ನಮ್ಮ ಮೀನು ಬೇಕಾಗಲಿಲ್ಲ. ಬಿಳಿ ಬೆಕ್ಕನ್ನು ಮರಿಗಳ ಸಮೇತ ಆ ಹಸಿರು ಸೀರೆಯಲ್ಲೇ ಕೊಟ್ಟಳು. ಎರಡನ್ನು ಮಾತ್ರ ಇಟ್ಟುಕೊಂಡಳು. ಬಿಳಿ ಬೆಕ್ಕು ಶೆಡ್ಡಿನ ಬೇರೆ ಮೂಲೆಯಲ್ಲಿ ಹತ್ತು ದಿನ ಬದುಕಿತು, ಹನ್ನೊಂದನೆಯ ದಿನವೂ ಬದುಕಿತು. ಅದರ ಬಾಯಲ್ಲಿ ಹುಣ್ಣು ಇತ್ತು. ಒದ್ದೆ ಗದ್ದ ನಾನು ಕಟ್ಟಿದ್ದಲ್ಲ ಎಂದು ಒಂದು ದಿನ ನೆಮ್ಮದಿಯಾಯಿತು. ಹುಣ್ಣು ಯಾವಾಗ ಆದದ್ದೋ ಎಂದು ಮರುದಿನ ಅನ್ನಿಸಿತು.

ಆದರೆ ಮೂರನೆಯ ಇಂಜೆಕ್ಷನ್ ದಿನ ಅಕ್ಕನ ಮನೆಗೆ ಕೀಲಿ ಬಿದ್ದಿತ್ತು. ಮಾಲಕ ಮನೆ ಬಿಡಿಸಿದ್ದ. "ಗಂಟ ಎಲ್ಲಾ ಅವರವರ ಮನಿಗೆ ಮುಟ್ಟಿಸಿ ಹೋಗ್ಯಾಳ್ರಿ," ಎಂದರು ಚಾಚಾ. "ಮುಗದ ಅನ್ನೂ ಊರಾಗ ತಂಗಿ ಅದಾಳ ಅಂತ. ಎರಡ ಬೆಕ್ಕು ನನ್ನ ಹಳೇ ಟ್ರಂಕಿನಾಗ ಒಯ್ದಾಳ. ತೂತ ಹೊಡದಕೊಟ್ಟೇನಿ, ಉಸಿರಾಡಲಿ ಅಂತ."

ಫೋನು ಹತ್ತಲಿಲ್ಲ. ಮುಗದದಲ್ಲಿ ತಂಗಿಯ ಮನೆ ಹುಡುಕಲು ನಮಗೆ ಎರಡು ಸಲ ಹೋಗಬೇಕಾಯಿತು. ಅಷ್ಟರಲ್ಲಿ ವಾರಗಳೇ ಕಳೆದಿದ್ದವು. ತಂಗಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು.

"ಇಲ್ಲಿಲ್ರೀ. ನನಗೊಂದ ಕೌದಿ ಹೊಲದ ಕೊಟ್ಟು ಹೋದ್ಲು. ಕಲಘಟಗಿ ಕಡೆ ಯಾರೋ ಕೌದಿ ಹೊಲಿಯಾಕ ಕರದಿದ್ರು. ಯಾವ ಊರು ಅಂತ ನಾ ಕೇಳಲಿಲ್ಲ. ಫೋನ ಬೆಕ್ಕ ಕೆಡವಿ ಒಡದೈತಿ."

ಇಲ್ಲಿ ದವಾಖಾನೆಗೆ ಹೋಗಿದ್ದಳೇ, ಇಂಜೆಕ್ಷನ್ ಮಾಡಿಸಿದ್ದಳೇ ಎಂದು ಕೇಳಿದೆ. ತಂಗಿಗೆ ಇಂಜೆಕ್ಷನ್ ಸುದ್ದಿಯೇ ಗೊತ್ತಿರಲಿಲ್ಲ. ಅಕ್ಕ ಒಮ್ಮೆ ಧಾರವಾಡಕ್ಕೆ ಹೋಗಿಬಂದಿದ್ದಳು, ದಾರ ತರಲು ಅಂದಿದ್ದಳು. ಬರುವಾಗ ದಾರ ಇತ್ತೋ ಇಲ್ಲವೋ ತಂಗಿಗೆ ನೆನಪಿಲ್ಲ.

ನರ್ಸ್ ನೆಲ ನೋಡುತ್ತಾ ಕೇಳಿದಳು: "ನೀರ ಕುಡೀತಿದ್ಲೇನ್ರಿ?"

ತಂಗಿ ನಕ್ಕಳು. "ಇದೆಂಥಾ ಮಾತ್ರೀ ಯವ್ವಾ! ಚಾ ಕುಡೀತಿದ್ಲು. ಹೋಗೂ ದಿನ ಮುಂಜಾನೆ ಬ್ಯಾಡ ಅಂದ್ಲು, ಬಸ್ಸಿಗೆ ಹೊತ್ತಾತು ಅಂತ. ನೀರ ಕುಡಿಯೂದನ್ನ ಯಾರ ಕುಂತ ನೋಡತಾರ?"

ಕೌದಿ ಹಗ್ಗದ ಮೇಲೆ ಒಣಗುತ್ತಿತ್ತು. ನರ್ಸ್ ಹತ್ತಿರ ಹೋಗಿ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ಒಂದರಲ್ಲಿ ರೊಟ್ಟಿಯ ಚೂರು ಗಟ್ಟಿಯಾಗಿ ಕೈಗೆ ಸಿಕ್ಕಿತು.

ಕಲಘಟಗಿಯ ಕಡೆ ಗೊತ್ತಿದ್ದವರಿಗೆಲ್ಲ ಹೇಳಿಟ್ಟಿದ್ದೇವೆ. ಈವರೆಗೆ ಯಾರೂ ಅವಳನ್ನು ಕಂಡಿಲ್ಲ. ಕಚ್ಚಿದ್ದು ಯಾವ ಬೆಕ್ಕು, ಬೂದು ಬೆಕ್ಕು ಸತ್ತದ್ದು ಯಾವುದರಿಂದ, ನನ್ನ ಮುಂಗೈಯ ಗೆರೆ ಸೂಜಿಯದೋ ಉಗುರಿನದೋ, ನನಗೆ ಗೊತ್ತಿಲ್ಲ. ಆ ಮುಂಜಾನೆ ಅಕ್ಕ ಚಹಾ ಬೇಡ ಎಂದದ್ದು ಬಸ್ಸಿಗೆ ತಡವಾಯಿತೆಂದೇ ಇರಬಹುದು. ಅದೂ ಗೊತ್ತಿಲ್ಲ.